ಮೆಟಲ್‌ಕೋರ್ ಎಂದರೇನು? ಮುಂಬಯಿಯ ‘ಸ್ಕ್ರೈಬ್’ ವಾದ್ಯಮೇಳದ ಪರಿಚಯ



ದಾಸರ ಪದ, ಗಮಕ, ಭಾಗವತಿಕೆ, ಹಿಂದೂಸ್ಥಾನಿ ಖಯಾಲು ಮೊದಲಾದುವನ್ನು ಕುರಿತ ಬರಹಗಳನ್ನು ನಾವೆಲ್ಲ ಪ್ರೀತಿಯಿಂದ ಓದುತ್ತೇವೆ. ಆದರೆ ನಮ್ಮ ಮನೆಗಳಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರಲ್ಲಿ ಕೆಲವರು ಲೋಕಲ್ ಗಾಡಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ತಲೆ ಆಡಿಸುತ್ತ ಕೇಳುವ ಸಂಗೀತವೊಂದಿದೆ. ಅದು ಹಿರಿಯರ ಕಿವಿಗೆ ಬಿದ್ದರೆ ‘ಇದೇನು ಕಿರಿಚಾಟ! ತಗಡು ಬಡಿದ ಹಾಗಿದೆಯಲ್ಲ!’ ಎಂಬ ಉದ್ಗಾರ ಬರುತ್ತದೆ. ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರವಾದರೆ ಹಾಕಿಕೊಳ್ಳಲು ಬಾಗಿಲೂ ಇರುವುದಿಲ್ಲ. ಮಾತು ಬೆಳೆಯುತ್ತದೆ, ಮನಸ್ಸು ಕೆಡುತ್ತದೆ.

ಈ ಸಂಗೀತದ ಒಂದು ಕವಲಿಗೆ ಮೆಟಲ್‌ಕೋರ್ ಎಂದು ಹೆಸರು. ಅದನ್ನು ಎಲ್ಲರೂ ಮೆಚ್ಚಬೇಕೆಂದು ವಾದಿಸಲು ನಾನು ಲೇಖನಿ ಹಿಡಿದಿಲ್ಲ. ಅದರ ಗದ್ದಲದೊಳಗೆ ಒಂದು ಲೆಕ್ಕವಿದೆ, ಕ್ರಮವಿದೆ. ನಮ್ಮ ಮುಂಬಯಿಯಲ್ಲಿ ಅದನ್ನು ನುಡಿಸಿದವರು ಈ ಊರಿನ ನೀರು ಕುಡಿದೇ ನುಡಿಸಿದ್ದಾರೆ. ಮತ್ತು ಅವರಿಗೆ ಎದುರಾದ ತೊಡಕು ನಮ್ಮ ಯಕ್ಷಗಾನ ಮೇಳಗಳಿಗೂ ಎದುರಾದ ತೊಡಕೇ ಆಗಿದೆ. ಈ ಮೂರು ಸಂಗತಿಗಳನ್ನು ತಿಳಿಸುವುದಷ್ಟೇ ಈ ಲೇಖನದ ಉದ್ದೇಶ.

ಹೆಸರಿನ ಮೂಲ

ಮೆಟಲ್‌ಕೋರ್ ಎಂಬುದು ಜೋಡುಪದ. ‘ಹೆವಿ ಮೆಟಲ್’ ಎಂಬುದರಿಂದ ಮೊದಲ ತುಂಡನ್ನೂ ‘ಹಾರ್ಡ್‌ಕೋರ್ ಪಂಕ್’ ಎಂಬುದರಿಂದ ಕೊನೆಯ ತುಂಡನ್ನೂ ತೆಗೆದು ಕಟ್ಟಿದ್ದು. ಇವೆರಡೂ ಬೇರೆ ಬೇರೆ ಕಡೆ ಹುಟ್ಟಿದ ಹೊಳೆಗಳು.

ಹೆವಿ ಮೆಟಲ್ಲಿನ ಹುಟ್ಟಿಗೆ ಒಂದು ಕಾರ್ಖಾನೆಯ ಅಪಘಾತವೂ ಕಾರಣವೆಂದರೆ ನಮ್ಮ ಕಾರ್ಮಿಕ ಬಂಧುಗಳಿಗೆ ಆಶ್ಚರ್ಯವಾದೀತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಗಿಟಾರು ನುಡಿಸುವುದೇ ತನ್ನ ಬಾಳೆಂದು ನಿಶ್ಚಯಿಸಿ, ೧೯೬೫ರಲ್ಲಿ ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಆತ ಎಡಚನಾದ್ದರಿಂದ ತಂತಿಯನ್ನು ಒತ್ತುವ ಕೈಯೇ ಅದು. ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜಾಂಗೊ ರೈನ್‌ಹಾರ್ಟ್ ಎಂಬ ವಾದಕನ ಧ್ವನಿಮುದ್ರಿಕೆಯನ್ನು ತಂದು ಕೇಳಿಸಿ, ‘ಈತ ಎರಡೇ ಬೆರಳಿನಲ್ಲಿ ನುಡಿಸುತ್ತಾನೆ’ ಎಂದು ಧೈರ್ಯ ಹೇಳಿದರಂತೆ. ಹುಡುಗ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳ್ಳನೆಯ ತಂತಿ ಹಾಕಿದ. ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದ. ತಂತಿ ಸಡಿಲಾದರೆ ಶ್ರುತಿ ಇಳಿಯುತ್ತದೆ, ನಾದ ಭಾರವಾಗುತ್ತದೆ. ಆತನಿದ್ದ ‘ಬ್ಲ್ಯಾಕ್ ಸ್ಯಾಬತ್’ ಎಂಬ ಮೇಳದ ಮೊದಲ ಧ್ವನಿಮುದ್ರಿಕೆ ೧೯೭೦ರಲ್ಲಿ ಹೊರಬಂತು. ಇಂದಿಗೂ ಮೆಟಲ್ ನುಡಿಸುವವರು ಶ್ರುತಿಯನ್ನು ಕೆಳಕ್ಕಿಳಿಸಿಯೇ ನುಡಿಸುವ ರೂಢಿ ಉಂಟು.

ಎರಡನೆಯ ಹೊಳೆ ಅಮೆರಿಕದ್ದು. ೧೯೮೦ರ ಸುಮಾರಿಗೆ ಲಾಸ್ ಏಂಜಲಿಸ್, ವಾಷಿಂಗ್ಟನ್, ನ್ಯೂಯಾರ್ಕುಗಳ ತರುಣರು ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸಣ್ಣ ಸಭಾಮಂದಿರಗಳಲ್ಲಿ, ಒಂದು ಎರಡು ನಿಮಿಷಗಳ ಅತಿವೇಗದ ಹಾಡುಗಳನ್ನು ಕೂಗಿ ಹಾಡತೊಡಗಿದರು. ತಾವೇ ಮುದ್ರಿಸಿ, ತಾವೇ ಹಂಚುವುದು ಅವರ ನೇಮ. ವಾದ್ಯದಲ್ಲಿ ಪಾಂಡಿತ್ಯ ಕಡಿಮೆ, ಮಾತಿನಲ್ಲಿ ಸಿಟ್ಟು ಹೆಚ್ಚು. ೧೯೯೦ರ ದಶಕದಲ್ಲಿ ಮೆಟಲ್ಲಿನ ಭಾರವೂ ಹಾರ್ಡ್‌ಕೋರಿನ ಕೂಗೂ ಒಂದೇ ವೇದಿಕೆಯಲ್ಲಿ ಕೂಡಿಕೊಂಡುವು. ಮ್ಯಾಸಚೂಸೆಟ್ಸ್ ಪ್ರಾಂತದ ‘ಕನ್ವರ್ಜ್’ ೨೦೦೧ರಲ್ಲಿಯೂ ‘ಕಿಲ್‌ಸ್ವಿಚ್ ಎಂಗೇಜ್’ ೨೦೦೨ರಲ್ಲಿಯೂ ಹೊರತಂದ ಧ್ವನಿಮುದ್ರಿಕೆಗಳಿಂದ ಈ ಬಗೆ ಲೋಕಪ್ರಸಿದ್ಧವಾಯಿತು. ಅಂತರ್ಜಾಲದ ಮೂಲಕ ಅದು ಮುಂಬಯಿಯ ಹುಡುಗರ ಕಿವಿಗೂ ಬಿತ್ತು.

ಕೇಳುವ ಬಗೆ

ಈ ಸಂಗೀತ ಮೊದಲ ಸಲ ಕಿವಿಗೆ ಬಿದ್ದಾಗ ಎಲ್ಲವೂ ಒಂದೇ ಮುದ್ದೆಯಾಗಿ ಕೇಳಿಸುವುದು ಸಹಜ. ಆದುದರಿಂದ ಮೂರು ಎಳೆಗಳನ್ನು ಬಿಡಿಸಿ ನೋಡೋಣ.

ಮೊದಲನೆಯದು ಗಿಟಾರಿನ ಒರಟು ನಾದ. ಧ್ವನಿವರ್ಧಕಕ್ಕೆ ಅದರ ಶಕ್ತಿಗೆ ಮೀರಿದ ಸಂಕೇತ ಕೊಟ್ಟರೆ ನಾದದ ಅಲೆಯ ತುದಿ ಕತ್ತರಿಸಿದಂತಾಗುತ್ತದೆ. ಆಗ ಮೂಲ ಸ್ವರದೊಡನೆ ಹೊಸ ಉಪಸ್ವರಗಳು ಎದ್ದು ಝೇಂಕಾರ ಹುಟ್ಟುತ್ತದೆ. ಇದು ಕೆಟ್ಟುಹೋದ ಯಂತ್ರದ ಲಕ್ಷಣವಲ್ಲ, ಬೇಕೆಂದೇ ಮಾಡಿಕೊಂಡದ್ದು. ನಮ್ಮ ತಂಬೂರಿಯಲ್ಲಿ ತಂತಿಯ ಕೆಳಗೆ ಜೀವಾಳಿಯ ದಾರ ಸಿಕ್ಕಿಸುವುದಿಲ್ಲವೆ? ಶುದ್ಧವಾದ ತಂತಿಯ ಸದ್ದು ಸಾಲದೆಂದು ಝೇಂಕಾರವನ್ನು ನಾವೇ ಬರಿಸಿಕೊಳ್ಳುತ್ತೇವೆ. ಪ್ರಮಾಣದಲ್ಲಿ ವ್ಯತ್ಯಾಸ ಬಹಳ; ಉಪಾಯ ಮಾತ್ರ ನಮಗೆ ಅಪರಿಚಿತವಲ್ಲ. ಮೆಟಲ್ ವಾದಕರು ಬಲಗೈಯ ಅಂಗೈ ಅಂಚನ್ನು ತಂತಿಯ ಮೇಲೆ ಊರಿ, ನಾದ ಉದ್ದಕ್ಕೆ ಹರಿಯದಂತೆ ತಡೆದು, ಒಂದೊಂದು ಮೀಟನ್ನೂ ಮೃದಂಗದ ಪೆಟ್ಟಿನಂತೆ ತುಂಡುತುಂಡಾಗಿ ನುಡಿಸುತ್ತಾರೆ. ಹೀಗೆ ಗಿಟಾರು ಅರ್ಧ ತಂತಿವಾದ್ಯ, ಅರ್ಧ ಚರ್ಮವಾದ್ಯ ಆಗುತ್ತದೆ.

ಎರಡನೆಯದು ತಾಳ. ಡ್ರಮ್ ನುಡಿಸುವವನು ಎರಡು ಕೈಗಳಲ್ಲದೆ ಎರಡು ಕಾಲುಗಳನ್ನೂ ದುಡಿಸುತ್ತಾನೆ. ಎರಡು ಕಾಲುಮಣೆಗಳಿಂದ ದೊಡ್ಡ ಡ್ರಮ್ಮಿನ ಮೇಲೆ ಬೀಳುವ ಪೆಟ್ಟುಗಳನ್ನು ಗಿಟಾರಿನ ಮೀಟುಗಳಿಗೆ ಒಂದು ಕೂದಲೆಳೆಯೂ ತಪ್ಪದಂತೆ ಜೋಡಿಸಬೇಕು. ಹೆಚ್ಚಿನ ಹಾಡುಗಳು ನಾಲ್ಕರ ಎಣಿಕೆಯಲ್ಲಿರುತ್ತವೆ. ನಡುನಡುವೆ ಐದು, ಏಳರ ಎಣಿಕೆಗೆ ಹಾರುವುದೂ ಉಂಟು. ಖಂಡಚಾಪು, ಮಿಶ್ರಚಾಪು ತಿಳಿದವರಿಗೆ ಇದು ಬೇಗ ಹಿಡಿಸುತ್ತದೆ.

ಮೆಟಲ್‌ಕೋರಿನ ಮುಖ್ಯ ಲಕ್ಷಣವೆಂದರೆ ‘ಬ್ರೇಕ್‌ಡೌನ್’. ನಾಗಾಲೋಟದಲ್ಲಿ ಓಡುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಅರ್ಧ ವೇಗಕ್ಕೆ ಇಳಿದು, ಭಾರವಾದ ಕೆಲವೇ ಪೆಟ್ಟುಗಳ ಮೇಲೆ ನಡೆಯತೊಡಗುತ್ತದೆ. ಒಳಗಿನ ಲಯ ಬದಲಾಗುವುದಿಲ್ಲ. ಎರಡನೆಯ ಕಾಲದಲ್ಲಿದ್ದ ಹಾಡು ಒಂದನೆಯ ಕಾಲಕ್ಕೆ ಇಳಿಯುತ್ತದೆ, ಅಷ್ಟೆ. ಚೆಂಬೂರಿನ ಫೈನ್ ಆರ್ಟ್ಸ್ ಸೊಸೈಟಿಯ ಸಭಾಗೃಹದಲ್ಲಿ ಕಚೇರಿ ಕೇಳಿ ತೊಡೆಯ ಮೇಲೆ ತಾಳ ಹಾಕಿದವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಈ ಇಳಿತಕ್ಕಾಗಿಯೇ ಕೇಳುಗರು ಕಾದಿರುತ್ತಾರೆ. ಅದು ಬಂದ ಕ್ಷಣ ವೇದಿಕೆಯ ಮುಂದಿನ ಗುಂಪು ಒಬ್ಬರನ್ನೊಬ್ಬರು ನೂಕಾಡುತ್ತ ಕುಣಿಯುತ್ತದೆ. ನೋಡುವವರಿಗೆ ಇದು ಹೊಡೆದಾಟದಂತೆ ತೋರುತ್ತದೆ. ಆದರೆ ಬಿದ್ದವನನ್ನು ಕೂಡಲೆ ಎತ್ತಿ ನಿಲ್ಲಿಸಬೇಕೆಂಬ ಕಟ್ಟಳೆ ಅಲ್ಲಿದೆ. ಗೋಕುಲಾಷ್ಟಮಿಯ ದಿನ ಮೊಸರು ಕುಡಿಕೆಯ ಗೋವಿಂದರ ಗುಂಪನ್ನು ನೋಡಿದ ಮುಂಬಯಿಕರರಿಗೆ ಇದೇನೂ ವಿಚಿತ್ರವೆನಿಸಬೇಕಾಗಿಲ್ಲ.

ಮೂರನೆಯದು ಕಂಠ. ಎಲ್ಲಕ್ಕಿಂತ ಹೆಚ್ಚು ಆಕ್ಷೇಪ ಬರುವುದು ಇದಕ್ಕೇ. ನಮ್ಮ ಗಂಟಲಿನಲ್ಲಿ ಮಾತಿಗೂ ಹಾಡಿಗೂ ಬಳಸುವ ಧ್ವನಿತಂತುಗಳಿವೆ. ಅವುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಇವನ್ನು ಹುಸಿ ಧ್ವನಿತಂತುಗಳೆನ್ನಬಹುದು. ಹೊಟ್ಟೆಯಿಂದ ಎತ್ತಿದ ಉಸಿರನ್ನು ಹದವಾಗಿ ಬಿಟ್ಟು ಈ ಮೇಲಿನ ಮಡಿಕೆಗಳನ್ನು ಕಂಪಿಸುವಂತೆ ಮಾಡಿದರೆ ಗುಡುಗಿನಂಥ ಒರಟು ಧ್ವನಿ ಬರುತ್ತದೆ. ಹುಣಸೂರಿನ ಬಳಿಯ ಟಿಬೆಟಿನವರ ನೆಲೆಯಲ್ಲಿ ಗ್ಯುಮೆ ತಾಂತ್ರಿಕ ಮಠದ ಭಿಕ್ಷುಗಳು ಗಂಟಲಿನ ಆಳದಿಂದ ಮಂತ್ರಪಠನ ಮಾಡುವ ಬಗೆಯೂ ಇದಕ್ಕೆ ಹತ್ತಿರದ್ದು. ಕ್ರಮವರಿಯದೆ ಬರಿದೆ ಗಂಟಲು ಹರಿದುಕೊಂಡು ಕಿರಿಚುವವನ ಧ್ವನಿ ಬಹುಕಾಲ ಉಳಿಯದು; ಅಭ್ಯಾಸ ಮಾಡಿದವನು ಒಂದು ಗಂಟೆ ನಡೆಸಿ ಮರುದಿನವೂ ವೇದಿಕೆ ಏರುತ್ತಾನೆ.

ಹಾಗಿದ್ದರೂ ಇದು ಇಂಪಾಗಿಲ್ಲವಲ್ಲ ಎಂದು ಕೇಳಬಹುದು. ನಿಜ, ಇಂಪಾಗಿಲ್ಲ. ತೆಂಕುತಿಟ್ಟಿನ ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸುತ್ತ ಬರುವಾಗ, ಚೆಂಡೆ ಒಂದೇ ಸಮನೆ ಮೊಳಗುವಾಗ ಇಂಪಾಗಿದೆಯೆ ಎಂದು ನಾವು ಕೇಳುವುದಿಲ್ಲ. ರಕ್ಕಸನು ರಕ್ಕಸನಂತೆ ಬಂದನೆ ಎಂದು ನೋಡುತ್ತೇವೆ. ಆರ್ಭಟೆ ಸರಿಯಿಲ್ಲದಿದ್ದರೆ ‘ವೇಷ ಏರಲಿಲ್ಲ’ ಎನ್ನುತ್ತೇವೆ. ರೌದ್ರಕ್ಕೆ ರೌದ್ರದ ಕಂಠ ಬೇಕೆಂಬುದನ್ನು ನಮ್ಮ ಅಜ್ಜಂದಿರೇ ಒಪ್ಪಿದ್ದರು.

ಮುಂಬಯಿಯ ಪೂರ್ವರಂಗ

ಮುಂಬಯಿಯ ಧೋಬಿ ತಲಾವಿನಲ್ಲಿ, ಸೇಂಟ್ ಝೇವಿಯರ್ಸ್ ಕಾಲೇಜಿನ ನೆರೆಯಲ್ಲಿ ‘ರಂಗಭವನ’ ಎಂಬ ಬಯಲು ರಂಗಮಂದಿರವಿದೆ. ೧೯೭೮ರಲ್ಲಿ ‘ಜಾಝ್ ಯಾತ್ರಾ’ ಎಂಬ ಉತ್ಸವ ಮೊದಲಾದದ್ದು ಅಲ್ಲೇ. ೧೯೮೬ರಲ್ಲಿ ಫರ್ಹಾದ್ ವಾಡಿಯಾ ಎಂಬವರು ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ‘ಇಂಡಿಪೆಂಡೆನ್ಸ್ ರಾಕ್’ ಎಂಬ ಮೇಳಗಳ ಕೂಟವನ್ನು ಆರಂಭಿಸಿದರು. ವರ್ಷಗಳ ಕಾಲ ಅದು ರಂಗಭವನದಲ್ಲಿ ನಡೆದು, ಊರಿನ ಹೊಸ ಮೇಳಗಳಿಗೆ ಒಂದು ಪರೀಕ್ಷೆಯಂತಾಯಿತು. ಇದಲ್ಲದೆ ಕಾಲೇಜುಗಳ ಉತ್ಸವಗಳಿದ್ದುವು. ಪೊವಾಯಿಯ ಐ.ಐ.ಟಿ.ಯಲ್ಲಿ ೧೯೭೧ರಿಂದ ನಡೆದುಬಂದಿರುವ ‘ಮೂಡ್ ಇಂಡಿಗೊ’ ಉತ್ಸವದ ವಾದ್ಯಮೇಳಗಳ ಸ್ಪರ್ಧೆಗೆ ದೊಡ್ಡ ಹೆಸರು.

ಹೊಸ ಶತಮಾನದ ಆರಂಭದಲ್ಲಿ ಮುಂಬಯಿಯ ಮೇಳಗಳು ಇನ್ನಷ್ಟು ಉಗ್ರವಾದ ಬಗೆಗೆ ತಿರುಗಿದುವು. ೨೦೦೦ದಲ್ಲಿ ಸಾಹಿಲ್ ಮಖೀಜಾ ಎಂಬ ತರುಣರು ‘ಡೆಮಾನಿಕ್ ರೆಸರೆಕ್ಷನ್’ ಎಂಬ ಮೇಳ ಕಟ್ಟಿದರು. ಹತ್ತು ವರ್ಷಗಳ ಅನಂತರ, ೨೦೧೦ರಲ್ಲಿ, ‘ಮೆಟಲ್ ಹ್ಯಾಮರ್’ ಎಂಬ ಇಂಗ್ಲೆಂಡಿನ ಪತ್ರಿಕೆ ಹೊರದೇಶಗಳ ಮೆಟಲ್ ಮೇಳಕ್ಕೆಂದು ಇರಿಸಿದ್ದ ಪ್ರಶಸ್ತಿ ಅವರಿಗೆ ದೊರೆಯಿತು. ೨೦೧೭ರಲ್ಲಿ ಅವರು ಹೊರತಂದ ಧ್ವನಿಮುದ್ರಿಕೆಯ ಹೆಸರು ‘ದಶಾವತಾರ್’. ವಿಷ್ಣುವಿನ ಅವತಾರಗಳೇ ಅದರ ವಸ್ತು. ನಮ್ಮ ಯಕ್ಷಗಾನಕ್ಕೂ ದಶಾವತಾರದ ಆಟವೆಂಬ ಹಳೆಯ ಹೆಸರುಂಟೆಂಬುದನ್ನು ಇಲ್ಲಿ ನೆನೆಯಬಹುದು. ೨೦೦೩ರಲ್ಲಿ ‘ಭಯಾನಕ್ ಮೌತ್’ ಎಂಬ ಇನ್ನೊಂದು ಮೇಳ ಹುಟ್ಟಿತು. ೨೦೦೯ರಲ್ಲಿ ತನ್ನದೇ ಹೆಸರಿನ ಧ್ವನಿಮುದ್ರಿಕೆಯನ್ನೂ ೨೦೧೪ರಲ್ಲಿ ‘ಮ್ಯಾನ್’ ಎಂಬುದನ್ನೂ ಅದು ಹೊರತಂದಿತು. ಈ ಎರಡರ ನಡುವೆ ಮೂರನೆಯದಾಗಿ, ನಗುವ ಮುಖ ಹೊತ್ತು ಬಂದದ್ದು ‘ಸ್ಕ್ರೈಬ್’.

ಸ್ಕ್ರೈಬ್

ಸ್ಕ್ರೈಬ್ ಎಂದರೆ ಬರೆಯುವವನು, ಕರಣಿಕ. ಕಡತ ಬರೆದೇ ಅನ್ನ ಉಣ್ಣುವ ನಮ್ಮಂಥವರಿಗೆ ಈ ಹೆಸರು ಕೇಳಿಯೇ ಸ್ವಲ್ಪ ಸಲುಗೆ ಹುಟ್ಟಿದರೆ ತಪ್ಪಿಲ್ಲ. ಮೇಳ ಹುಟ್ಟಿದ್ದು ೨೦೦೫ರಲ್ಲಿ. ಹಾಡುವವರು ವಿಶ್ವೇಶ್ ಕೃಷ್ಣಮೂರ್ತಿ; ಗಿಟಾರಿನಲ್ಲಿ ಅಕ್ಷಯ್ ರಾಜಪುರೋಹಿತ್ ಮತ್ತು ಪ್ರಶಾಂತ್ ಶಾ; ಮಂದ್ರದ ತಂತಿವಾದ್ಯವಾದ ಬೇಸ್ ಗಿಟಾರಿನಲ್ಲಿ ಶ್ರೀನಿವಾಸ್ ಸುಂದರರಾಜನ್; ಡ್ರಮ್ಮಿನಲ್ಲಿ ವೀರೇಂದ್ರ ಕೈತ್. ಹೆಸರುಗಳನ್ನು ಸಾಲಾಗಿ ಓದಿದರೆ ಲೋಕಲ್ ಗಾಡಿಯ ಒಂದು ಡಬ್ಬಿಯ ಹಾಗೆಯೇ ಇದೆ: ನಾಲ್ಕು ಪ್ರಾಂತಗಳ ಮನೆತನಗಳು, ಒಂದೇ ಊರಿನ ಮಾತು.

ಇವರ ಮುಖ್ಯ ಧ್ವನಿಮುದ್ರಿಕೆಗಳು ಮೂರು: ೨೦೦೮ರಲ್ಲಿ ‘ಕನ್‌ಫೆಕ್ಟ್’, ೨೦೧೦ರಲ್ಲಿ ‘ಮಾರ್ಕ್ ಆಫ್ ತೇಜಾ’, ೨೦೧೪ರಲ್ಲಿ ‘ಹೇಲ್ ಮೊಗ್ಯಾಂಬೊ’. ಕೊನೆಯ ಎರಡು ಹೆಸರುಗಳನ್ನು ಗಮನಿಸಬೇಕು. ಪಾಶ್ಚಾತ್ಯ ದೇಶಗಳ ಮೆಟಲ್ ಮೇಳಗಳು ತಮ್ಮ ಮುದ್ರಿಕೆಗಳಿಗೆ ಸೈತಾನನ ಹೆಸರನ್ನೊ ಮರಣದ ಹೆಸರನ್ನೊ ಇಟ್ಟುಕೊಳ್ಳುವುದು ಬಳಕೆ. ಮುಂಬಯಿಯ ಹುಡುಗರಿಗೆ ಸೈತಾನನ ಪರಿಚಯ ಅಷ್ಟಿಲ್ಲ. ಅವರು ಚಿಕ್ಕಂದಿನಲ್ಲಿ ಬೆದರಿದ್ದೂ ನಕ್ಕಿದ್ದೂ ಹಿಂದಿ ಚಿತ್ರಗಳ ಖಳರನ್ನು ಕಂಡು. ತೇಜಾ ಎಂಬವನು ೧೯೯೪ರ ‘ಅಂದಾಜ್ ಅಪ್ನಾ ಅಪ್ನಾ’ ಚಿತ್ರದ ಖಳ. ಅವನಿಗೂ ಅವನ ಸಜ್ಜನ ಅವಳಿ ಅಣ್ಣನಿಗೂ ಒಂದೇ ರೂಪವಾದ್ದರಿಂದ ಗುರುತಿಗಾಗಿ ಮೈಮೇಲೆ ‘ಮಾರ್ಕ್’ ಮಾಡಿಕೊಂಡು, ಕೊನೆಗೆ ಯಾರು ಯಾರೆಂದು ತಿಳಿಯದ ಗೊಂದಲ ಅಲ್ಲಿಯ ಹಾಸ್ಯ. ಪರೇಶ್ ರಾವಲ್ ಎರಡು ಪಾತ್ರಗಳನ್ನೂ ಮಾಡಿದ್ದರು.

ಮೊಗ್ಯಾಂಬೊ ೧೯೮೭ರ ‘ಮಿಸ್ಟರ್ ಇಂಡಿಯಾ’ ಚಿತ್ರದ ಖಳ. ಪಾತ್ರಧಾರಿ ಅಮರೀಶ್ ಪುರಿ. ಗಿರೀಶ ಕಾರ್ನಾಡರು ನಿರ್ದೇಶಿಸಿದ ೧೯೭೩ರ ‘ಕಾಡು’ ಕನ್ನಡ ಚಿತ್ರದಲ್ಲಿ ನಾವು ಕಂಡ ನಟರೇ ಅವರು. ಮುಂಬಯಿಯಲ್ಲಿ ಸುಮಾರು ಎರಡು ದಶಕಗಳ ಕಾಲ ಕಾರ್ಮಿಕರ ರಾಜ್ಯ ವಿಮಾ ನಿಗಮದಲ್ಲಿ, ಎಂದರೆ ನಮ್ಮ ಇ.ಎಸ್.ಐ.ಯಲ್ಲಿ, ನೌಕರಿ ಮಾಡುತ್ತ ಸಂಜೆ ನಾಟಕವಾಡಿ ಮೇಲೆ ಬಂದವರು. ಅವರ ಮೊಗ್ಯಾಂಬೊ ಒಂದು ಆಧುನಿಕ ಬಣ್ಣದ ವೇಷವೇ ಸರಿ.

ಸ್ಕ್ರೈಬಿನವರ ಒಂದು ಹಾಡಿನ ಹೆಸರು ‘ಐ ಲವ್ ಯೂ ಪಾವ್ ಭಾಜಿ’. ಪಾವ್ ಭಾಜಿ ಹಿಂದಿನ ಕಾಲದಲ್ಲಿ ಮಿಲ್ಲಿನ ಕೆಲಸಗಾರರಿಗಾಗಿ ಅವಸರದಲ್ಲಿ ಮಾಡಿಕೊಡುತ್ತಿದ್ದ ಊಟವೆಂದು ಹೇಳಿಕೆ ಇದೆ. ಇಂಥ ವಸ್ತುವನ್ನು ಅಷ್ಟು ಉಗ್ರವಾದ ಸಂಗೀತಕ್ಕೆ ಹೊಂದಿಸಿದ್ದೇ ಒಂದು ವಿನೋದ. ಇಂಗ್ಲಿಷ್ ಮಾತಿನ ನಡುವೆ ಮುಂಬಯಿಯ ಬೀದಿಯ ಹಿಂದಿ ನುಗ್ಗುತ್ತದೆ. ಸಿಟ್ಟಿನ ನಡುವೆ ಚೇಷ್ಟೆ ನುಗ್ಗುತ್ತದೆ.

ಅವರ ಸಂಗೀತದ ಬಗೆಯೂ ಹಾಗೆಯೇ. ಒಂದೇ ಗತಿಯಲ್ಲಿ ಅವರ ಹಾಡು ಸಾಗುವುದಿಲ್ಲ. ಓಡುತ್ತ ಓಡುತ್ತ ತಟಕ್ಕನೆ ನಿಲ್ಲುತ್ತದೆ. ಎಣಿಕೆ ಒಮ್ಮೆಗೇ ಮುರಿದು ಬೇರೆಯಾಗುತ್ತದೆ. ನಡುವೆ ಮೃದುವಾದ ನುಡಿಸಾಣಿಕೆ ಬಂದು, ಕೇಳುವವನು ಸಡಿಲವಾದನೋ ಇಲ್ಲವೋ, ಬ್ರೇಕ್‌ಡೌನ್ ಬಂದು ಬೀಳುತ್ತದೆ. ಚರ್ಚ್‌ಗೇಟಿನ ವೇಗದ ಗಾಡಿ ಸಿಗ್ನಲ್ ಕಾಣದೆ ನಿಂತು, ಮತ್ತೆ ಎಳೆದು ಹೊರಡುವಾಗ ನಿಂತಿರುವವರೆಲ್ಲ ಒಟ್ಟಿಗೆ ಹಿಂದಕ್ಕೂ ಮುಂದಕ್ಕೂ ವಾಲುವುದನ್ನು ಬಲ್ಲಿರಲ್ಲ, ಅಂಥ ನಡೆ. ಐವರೂ ಒಂದೇ ಕ್ಷಣಕ್ಕೆ ನಿಂತು ಒಂದೇ ಕ್ಷಣಕ್ಕೆ ಹೊರಡಬೇಕು. ಒಬ್ಬನು ಅರೆಮಾತ್ರೆ ತಪ್ಪಿದರೂ ವಿನೋದವೆಲ್ಲ ಅಪಹಾಸ್ಯವಾಗಿಬಿಡುತ್ತದೆ. ನಗಿಸುವ ವೇಷಕ್ಕೆ ತಾಳದ ಹಿಡಿತ ಮತ್ತಷ್ಟು ಬೇಕೆಂಬುದನ್ನು ನಮ್ಮ ಮೇಳಗಳ ಹಾಸ್ಯಗಾರರು ಚೆನ್ನಾಗಿ ಬಲ್ಲರು.

೨೦೧೦ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಲ್ಯಾಂಬ್ ಆಫ್ ಗಾಡ್’ ಎಂಬ ಅಮೆರಿಕದ ಪ್ರಸಿದ್ಧ ಮೇಳ ನುಡಿಸಿದಾಗ, ಅದಕ್ಕೆ ಮುನ್ನ ವೇದಿಕೆ ಏರಿದ ದೇಶೀ ಮೇಳಗಳಲ್ಲಿ ಮುಂಬಯಿಯ ಸ್ಕ್ರೈಬ್ ಮತ್ತು ಭಯಾನಕ್ ಮೌತ್ ಎರಡೂ ಇದ್ದುವು. ೨೦೦೭ರ ಮಾರ್ಚಿನಲ್ಲಿ ‘ಐರನ್ ಮೇಡನ್’ ಇದೇ ಮೈದಾನದಲ್ಲಿ ನುಡಿಸಿದಂದಿನಿಂದ ಬೆಂಗಳೂರು ಈ ಸಂಗೀತದ ಯಾತ್ರಾಸ್ಥಳದಂತಾಗಿತ್ತು. ೧೯೯೮ರಲ್ಲಿ ಹುಟ್ಟಿದ ಅಲ್ಲಿಯ ‘ಕ್ರಿಪ್ಟೋಸ್’ ಮೇಳ ೨೦೧೩ರಲ್ಲಿ ಜರ್ಮನಿಯ ವಾಕೆನ್ ಗ್ರಾಮದ ಹೆಸರಾಂತ ಮೆಟಲ್ ಜಾತ್ರೆಯಲ್ಲಿ ನುಡಿಸಿ ಬಂತು. ಮುಂಬಯಿಯ ತರುಣರು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗುವುದಕ್ಕೆ ನೆಂಟರ ಮದುವೆಯಲ್ಲದೆ ಇನ್ನೊಂದು ಕಾರಣವೂ ಒದಗಿತು.

ಇಷ್ಟಾದರೂ ಈ ಸಂಗೀತದಿಂದಲೇ ಸಂಸಾರ ನಡೆಸುವುದು ಯಾರಿಗೂ ಸುಲಭವಾಗಿರಲಿಲ್ಲ. ಸ್ಕ್ರೈಬಿನ ಶ್ರೀನಿವಾಸ್ ಸುಂದರರಾಜನ್ ಚಿತ್ರನಿರ್ದೇಶಕರೂ ಹೌದು. ಸುಮಾರು ನಲವತ್ತು ಸಾವಿರ ರೂಪಾಯಿಗಳಲ್ಲಿ ಅವರು ತೆಗೆದ ‘ದಿ ಅನ್‌ಟೈಟಲ್ಡ್ ಕಾರ್ತಿಕ್ ಕೃಷ್ಣನ್ ಪ್ರಾಜೆಕ್ಟ್’ ೨೦೧೦ರಲ್ಲಿ ಹೊರಬಂತು. ವಿಶ್ವೇಶರೂ ಚಿತ್ರ ನಿರ್ಮಾಣದ ಕೆಲಸದಲ್ಲಿ ತೊಡಗಿದವರು. ಡೆಮಾನಿಕ್ ರೆಸರೆಕ್ಷನ್ನಿನ ಮಖೀಜಾ ಅವರು ಅಡುಗೆ ಕಲಿಸುವ ಕಾರ್ಯಕ್ರಮದಿಂದಲೂ ಹೆಸರಾದರು. ೨೦೧೪ರ ಮುದ್ರಿಕೆಯ ಅನಂತರ ಸ್ಕ್ರೈಬ್ ಮೇಳವನ್ನು ವೇದಿಕೆಯ ಮೇಲೆ ಕಾಣುವುದು ಕಡಿಮೆಯಾಯಿತು. ಒಬ್ಬೊಬ್ಬರ ವೃತ್ತಿಯೂ ಅವರವರನ್ನು ಎಳೆದುಕೊಂಡಿತು. ಹಗಲು ನೌಕರಿ, ರಾತ್ರಿ ನಾಟಕದ ತಾಲೀಮು ಎಂದು ಬಾಳಿದ ನಮ್ಮ ಸಂಘಗಳ ಹಿರಿಯ ಕಲಾವಿದರಿಗೆ ಈ ಕಥೆ ಹೊಸದಲ್ಲ.

ಜಾಗದ ಪ್ರಶ್ನೆ

ಈಗ ತೊಡಕಿನ ವಿಷಯ. ಕೇಂದ್ರ ಸರಕಾರವು ೨೦೦೦ದಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ಜಾರಿಗೆ ತಂದಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯ. ವಾಸದ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ನಿಶ್ಶಬ್ದ ವಲಯದಲ್ಲಿ ಹಗಲು ೫೦, ರಾತ್ರಿ ೪೦. ಹಬ್ಬಹರಿದಿನ, ಸಾಂಸ್ಕೃತಿಕ ಸಮಾರಂಭಗಳಿಗಾಗಿ ರಾಜ್ಯ ಸರಕಾರವು ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ೨೦೦೫ರಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳನ್ನು ಬಿಗಿಯಾಗಿ ಎತ್ತಿಹಿಡಿಯಿತು.

ರಂಗಭವನದ ಒಂದು ಮಗ್ಗುಲಲ್ಲಿ ಕಾಲೇಜು, ಇನ್ನೊಂದು ಕಡೆ ಆಸ್ಪತ್ರೆಗಳು. ೨೦೦೩ರ ಸುಮಾರಿಗೆ ಅಲ್ಲಿಯ ಸಂಗೀತ ನಿಂತಿತು. ಸ್ಕ್ರೈಬ್ ಹುಟ್ಟುವ ಹೊತ್ತಿಗೆ ಮುಂಬಯಿಯ ಮೇಳಗಳ ದೊಡ್ಡ ಮನೆ ಮುಚ್ಚಿಹೋಗಿತ್ತು. ಅಗ್ಗದ ಟಿಕೀಟಿಗೆ ಸಾವಿರಾರು ಜನ ಕೂಡುತ್ತಿದ್ದ ಬಯಲು ತಪ್ಪಿದ ಮೇಲೆ ಮೇಳಗಳು ಮುಚ್ಚಿದ ಹಾಲುಗಳನ್ನೂ ಕ್ಲಬ್ಬುಗಳನ್ನೂ ಆಶ್ರಯಿಸಬೇಕಾಯಿತು. ಅಂಥ ಒಂದು ಕ್ಲಬ್ಬು ‘ಬ್ಲೂ ಫ್ರಾಗ್’. ೨೦೦೭ರಲ್ಲಿ ಅದು ತೆರೆದದ್ದು ಲೋವರ್ ಪರೇಲಿನ ಮಥುರಾದಾಸ್ ಮಿಲ್ಲಿನ ಆವರಣದಲ್ಲಿ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರನಡೆದರು. ಅನಂತರ ಗಿರಣಗಾವಿನ ಮಿಲ್ಲುಗಳು ಒಂದೊಂದಾಗಿ ಕದ ಹಾಕಿದುವು. ಅವುಗಳ ಉಗ್ರಾಣಗಳಲ್ಲಿ ಕಚೇರಿಗಳೂ ಊಟದ ಮನೆಗಳೂ ಎದ್ದುವು. ಮಗ್ಗಗಳು ಮೊಳಗಿದ ಕಡೆ ಗಿಟಾರು ಮೊಳಗಿತು; ಆದರೆ ಆ ಬಾಗಿಲಲ್ಲಿ ಕೊಡಬೇಕಾದ ಪ್ರವೇಶಧನವೂ ಒಳಗಿನ ಊಟದ ಬೆಲೆಯೂ ವಿದ್ಯಾರ್ಥಿಗಳ ಜೇಬಿಗೆ ಹೇಳಿಸಿದ್ದಲ್ಲ. ೨೦೧೬ರಲ್ಲಿ ಬ್ಲೂ ಫ್ರಾಗ್ ಕೂಡ ಮುಚ್ಚಿತು.

ನಿಯಮವೇ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದವರಿಗೆ ನಿದ್ರೆ ಬೇಕು. ಪರೀಕ್ಷೆಗೆ ಓದುವ ಮಕ್ಕಳಿಗೆ ಶಾಂತಿ ಬೇಕು. ಆದರೆ ಇದೇ ನಿಯಮದಿಂದ ನಮ್ಮ ಆಟಗಳೂ ಬದಲಾದುವು. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬರುವ ಮೇಳಗಳು ಚೌಕಿಯ ದೀಪ ಬೆಳಗಿಸಿ, ಕೋಳಿ ಕೂಗುವವರೆಗೆ ಆಡುವುದು ಇಲ್ಲಿ ಕನಸಿನ ಮಾತಾಯಿತು. ಮೂರು ಗಂಟೆಗಳ ‘ಕಾಲಮಿತಿ’ ಬಂತು. ಮುಚ್ಚಿದ ಸಭಾಗೃಹಕ್ಕೆ ಬಾಡಿಗೆ, ಹತ್ತು ಗಂಟೆಗೆ ಮಂಗಳ. ನಮ್ಮ ಚೆಂಡೆಗೂ ಆ ಹುಡುಗರ ಡ್ರಮ್ಮಿಗೂ ಒಂದೇ ಗಡಿಯಾರ. ಹೀಗಿರುವಾಗ ‘ಅವರದು ಗಲಾಟೆ, ನಮ್ಮದು ಕಲೆ’ ಎಂದು ನಾವು ದೂರು ಕೊಡಲು ಹೊರಟರೆ, ನಾಳೆ ನಮ್ಮ ಮಹಡಿಯ ಮೇಲಿನವರು ಅದೇ ಮಾತನ್ನು ನಮಗೆ ಹೇಳಿಯಾರು. ಊರಿನಲ್ಲಿ ನಿಶ್ಶಬ್ದದ ವಲಯಗಳಿರುವಂತೆ ನಾದಕ್ಕೂ ಒಂದೆರಡು ವಲಯಗಳು, ವಸತಿಯಿಂದ ದೂರವಾಗಿ, ಕಡಿಮೆ ಬಾಡಿಗೆಗೆ ಸಿಗುವಂತಾಗಬೇಕೆಂದು ಎಲ್ಲ ಭಾಷೆಗಳ, ಎಲ್ಲ ವಯಸ್ಸಿನ ಕಲಾವಿದರೂ ಒಟ್ಟಾಗಿ ನಗರಪಾಲಿಕೆಯನ್ನು ಕೇಳುವುದು ಹೆಚ್ಚು ಉಪಯುಕ್ತವಾದೀತು.

ಕಿವಿಯ ಮಾತು

ತರುಣರಿಗೂ ಒಂದು ಮಾತು ಹೇಳಬೇಕು. ಮಿಲ್ಲಿನ ಮಗ್ಗದ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವರು ತುಟಿ ನೋಡಿ ಮಾತು ತಿಳಿಯುತ್ತಿದ್ದರು. ನಿವೃತ್ತರಾಗುವ ಹೊತ್ತಿಗೆ ಕಿವಿ ಮಂದವಾಗಿರುತ್ತಿತ್ತು. ೮೫ ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದೆಂದೂ, ಅಲ್ಲಿಂದ ಮೇಲೆ ಮೂರು ಮೂರು ಡೆಸಿಬೆಲ್ಲಿಗೆ ಆ ಅವಧಿ ಅರ್ಧರ್ಧವಾಗಬೇಕೆಂದೂ ತಜ್ಞರ ಲೆಕ್ಕ. ಎಂದರೆ ೧೦೦ ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ಮೆಟಲ್ ಮೇಳದ ವೇದಿಕೆಯ ಮುಂದೆ ಅಷ್ಟು ಸದ್ದು ಇರುವುದು ಸಾಮಾನ್ಯ. ಕಿವಿಗೆ ಇಡುವ ಸ್ಪಂಜಿನ ಬಿರಟೆ ಅಗ್ಗಕ್ಕೆ ಸಿಗುತ್ತದೆ. ನುರಿತ ವಾದಕರು ತಾವೇ ಅದನ್ನು ಬಳಸುತ್ತಾರೆ. ಒಮ್ಮೆ ಹೋದ ಶ್ರವಣಶಕ್ತಿ ಮರಳುವುದಿಲ್ಲವಾದ್ದರಿಂದ ಈ ವಿಷಯದಲ್ಲಿ ಸಂಕೋಚ ಬೇಡ.

ಹಿರಿಯರಿಗೆ ಸೂಚಿಸುವುದಿಷ್ಟೆ. ಮನೆಯ ಹುಡುಗನನ್ನೊ ಹುಡುಗಿಯನ್ನೊ ಕರೆದು, ಸದ್ದು ತಗ್ಗಿಸಿ, ಒಂದೇ ಒಂದು ಹಾಡನ್ನು ಒಟ್ಟಿಗೆ ಕೇಳಿರಿ. ಮೊದಲ ಸಲ ಡ್ರಮ್ಮನ್ನು ಮಾತ್ರ ಹಿಂಬಾಲಿಸಿ ತೊಡೆಯ ಮೇಲೆ ತಾಳ ಹಾಕಿರಿ. ವೇಗ ಅರ್ಧಕ್ಕಿಳಿಯುವ ಜಾಗ ಎಲ್ಲಿ ಬಂತೆಂದು ಬೆರಳೆತ್ತಿ ತೋರಿಸಿರಿ. ಅಪ್ಪನಿಗೆ ಅಥವಾ ಅಜ್ಜನಿಗೆ ತಾಳ ಸಿಕ್ಕಿತೆಂದು ಕಂಡಾಗ ಮಗುವಿನ ಮುಖ ಹೇಗಾಗುವುದೆಂದು ನೋಡಿರಿ. ಹಾಡು ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಆಗ ಆ ಮಾತಿಗೆ ಬೆಲೆಯೂ ಇರುತ್ತದೆ. ಮುಂದಿನ ಮಳೆಗಾಲ ಮೇಳ ಬಂದಾಗ ಆ ಮಕ್ಕಳನ್ನು ಬಣ್ಣದ ವೇಷ ನೋಡಲು ಮುಂದಿನ ಸಾಲಿನಲ್ಲಿ ಕೂರಿಸಿರಿ. ಚೆಂಡೆಯ ಪೆಟ್ಟನ್ನು ಎಣಿಸಲು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಕ್ಕಿಲ್ಲ.